ರೋಬೋ ವೇಷದೊಳಗಿನ ನಟನಿಗೂ ‘ಶ್ರೇಷ್ಠ ನಟ’ ಪ್ರಶಸ್ತಿ ಸಲ್ಲಬೇಕೇ?

ಪರ: ಮುಖ ಕಾಣದಿದ್ದರೂ ಅದು ಅಭಿನಯವೇ

ಪಯ್ಯನ್ನೂರಿನ ಹಟಮಾರಿ ಮುದುಕ ಭಾಸ್ಕರ ಪೊದುವಾಳ್. ರಷ್ಯಾದಲ್ಲಿ ಕೆಲಸಕ್ಕಿರುವ ಮಗ, ಅಪ್ಪನನ್ನು ನೋಡಿಕೊಳ್ಳಲೆಂದು ಒಂದು ರೋಬೋ ತಂದು ಮನೆಯಲ್ಲಿ ಬಿಟ್ಟುಹೋಗುತ್ತಾನೆ. ಮೊದಮೊದಲು ಅದನ್ನು ಕಂಡರಾಗದ ಮುದುಕ ಬರಬರುತ್ತ ಅದನ್ನೇ ಮಗನಂತೆ ಹಚ್ಚಿಕೊಳ್ಳುತ್ತಾನೆ. 2019ರ ಮಲಯಾಳ ಚಿತ್ರ ‘ಆಂಡ್ರಾಯ್ಡ್ ಕುಂಞಪ್ಪನ್ ವರ್ಷನ್ 5.25’ ನೋಡಿದವರಿಗೆ ಈ ಕಥೆ ಗೊತ್ತು. ಮುದುಕನ ಪಾತ್ರ ಮಾಡಿದ ಸುರಾಜ್ ವೆಂಞಾರಮೂಡ್ ಅವರಿಗೆ ಆ ವರ್ಷದ ಕೇರಳ ರಾಜ್ಯ ಶ್ರೇಷ್ಠ ನಟ ಪ್ರಶಸ್ತಿ ಬಂತು. ‘ವಿಕೃತಿ’ ಚಿತ್ರದ ಪಾತ್ರವನ್ನೂ ಸೇರಿಸಿ ಕೊಟ್ಟದ್ದು. ಸಲ್ಲಬೇಕಾದವರಿಗೇ ಸಂದಿತು, ಅದರಲ್ಲಿ ತಕರಾರಿಲ್ಲ.

ಆದರೆ ಅವರ ಪಕ್ಕದಲ್ಲೇ ಇನ್ನೊಬ್ಬ ನಟ ಇದ್ದರು. ಕಿರುತೆರೆಯ ಹಾಸ್ಯ ಕಾರ್ಯಕ್ರಮಗಳಿಂದ ಬಂದ, ಕುಳ್ಳ ನಿಲುವಿನ ಸೂರಜ್ ತೇಲಕ್ಕಾಡ್ ಆ ಕವಚದೊಳಗಿದ್ದವರು. ಒಳಗೊಬ್ಬ ಮನುಷ್ಯನಿದ್ದ ಎಂಬುದು ಹೆಚ್ಚಿನವರಿಗೆ ತಿಳಿದದ್ದು ಚಿತ್ರ ತೆರೆಕಂಡ ಮೇಲೆ. ಇಬ್ಬರ ಹೆಸರೂ ಹೆಚ್ಚುಕಡಿಮೆ ಒಂದೇ, ಇಬ್ಬರೂ ಸೇರಿ ಕಟ್ಟಿದ ಸಂಬಂಧವೂ ಒಂದೇ. ಅಳೆಯುವಾಗ ಮಾತ್ರ ಒಬ್ಬರದು ನಟನೆ, ಇನ್ನೊಬ್ಬರದು ವೇಷ ಎಂದಾಗಿಬಿಡುತ್ತದೆ.

ನಟನೆ ಎಂದರೆ ಮುಖ ಎಂದು ನಾವು ಯಾವಾಗ ತೀರ್ಮಾನಿಸಿದೆವು? ಅಭಿನಯವನ್ನು ಆಂಗಿಕ (ಮೈಯ ಚಲನೆ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ತ್ವಿಕ (ಒಳಗಿನ ಭಾವ) ಎಂದು ನಾಲ್ಕಾಗಿ ವಿಂಗಡಿಸಿದ ನಾಡು ನಮ್ಮದು. ಅದರಲ್ಲಿ ಆಂಗಿಕವೇ ಮೊದಲು. ಕ್ಯಾಮೆರಾ ಮುಖದ ಹತ್ತಿರ ಬಂದ ಮೇಲೆ ನಮ್ಮ ಕಣ್ಣು ಕತ್ತಿನಿಂದ ಕೆಳಗೆ ಇಳಿಯುವುದನ್ನೇ ಮರೆಯಿತು.

1927ರ ಜರ್ಮನ್ ಮೂಕಿಚಿತ್ರ ‘ಮೆಟ್ರೊಪೊಲಿಸ್’ನ ಒಂದು ದೃಶ್ಯ ನೋಡಿ. ಕುರ್ಚಿಯಲ್ಲಿ ಕೂತ ಯಂತ್ರಸ್ತ್ರೀ ಮೆಲ್ಲಗೆ ಏಳುತ್ತಾಳೆ. ಒಂದೊಂದೇ ಹೆಜ್ಜೆ ಇಟ್ಟು ಬಂದು ಕೈ ಚಾಚುತ್ತಾಳೆ. ಇಷ್ಟೇ. ಆ ಚಾಚಿದ ಕೈ ಹಿಡಿಯಬೇಕೋ ಬೇಡವೋ ಎಂಬ ಅಳುಕು ಸುಮಾರು ನೂರು ವರ್ಷದ ಮೇಲೂ ನೋಡುವವರನ್ನು ಬಿಟ್ಟಿಲ್ಲ. ಒಳಗಿದ್ದವರು ಬ್ರಿಗಿಟ್ಟೆ ಹೆಲ್ಮ್, ಆಗಿನ್ನೂ 18ರ ಆಸುಪಾಸಿನ ಹುಡುಗಿ. ಶಿಲ್ಪಿ ವಾಲ್ಟರ್ ಶುಲ್ಟ್ಸೆ-ಮಿಟೆನ್‌ಡಾರ್ಫ್ ಆಕೆಯ ಮೈಯ ಅಚ್ಚು ತೆಗೆದೇ ಮಾಡಿದ ಗಟ್ಟಿ ಕವಚ ಅದು. ತೊಟ್ಟಾಗ ಮೈಯೆಲ್ಲ ತರಚುತ್ತಿತ್ತು. ಮುಖವೇ ಕಾಣದ ದೃಶ್ಯಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸಬಾರದೇ ಎಂದು ಆಕೆ ಕೇಳಿದರೆ, ಒಳಗಿರುವುದು ನೀನೇ ಎಂದು ನನಗೆ ಅನ್ನಿಸಬೇಕು ಎಂದು ನಿರ್ದೇಶಕ ಫ್ರಿಟ್ಸ್ ಲಾಂಗ್ ಹೇಳಿದರಂತೆ. ಒಳಗೆ ಯಾರಿದ್ದಾರೆ ಎಂಬುದು ಹೊರಗಿನ ನಡಿಗೆಯಲ್ಲಿ ಕಾಣುತ್ತದೆ ಎಂದು ಲಾಂಗ್‌ಗೆ ಗೊತ್ತಿತ್ತು.

‘ಸ್ಟಾರ್ ವಾರ್ಸ್’ನ ಚಿನ್ನದ ಬಣ್ಣದ ರೋಬೋ ಸಿ-3ಪಿಒ ಕೂಡ ಹಾಗೆಯೇ. ಅದರ ಮುಖ ಒಂದೇ ಒಂದು ಗೆರೆಯಷ್ಟೂ ಅಲುಗುವುದಿಲ್ಲ. ಆದರೂ ಅದು ಹೆದರಿದ್ದು, ಸಿಡುಕಿದ್ದು, ಗೆಳೆಯನಿಗಾಗಿ ಮರುಗಿದ್ದು ಮಕ್ಕಳಿಗೂ ಗೊತ್ತಾಗುತ್ತದೆ. ಮೂಕಾಭಿನಯ ಕಲಿತ ಆಂಥನಿ ಡೇನಿಯಲ್ಸ್ ಅದನ್ನೆಲ್ಲ ಮೊಣಕೈ ಮಡಿಸಿದ ರೀತಿಯಲ್ಲಿ, ಸೊಂಟದಿಂದ ತುಸು ಮುಂದಕ್ಕೆ ಬಾಗಿದ ನಿಲುವಿನಲ್ಲಿ, ಆ ಗಿಡ್ಡ ಗಿಡ್ಡ ಹೆಜ್ಜೆಗಳಲ್ಲಿ ತಂದರು. 1976ರಲ್ಲಿ ಟ್ಯುನೀಷಿಯಾದ ಮರಳುಗಾಡಿನಲ್ಲಿ ಚಿತ್ರೀಕರಣದ ಮೊದಲ ದಿನವೇ ಕಾಲಿನ ಕವಚ ಒಡೆದು ಪಾದಕ್ಕೆ ಚುಚ್ಚಿಕೊಂಡಿತ್ತು. ವೇಷ ತೊಟ್ಟು ಕೂರುವಂತಿಲ್ಲ, ಹಲಗೆಗೆ ಒರಗಿ ನಿಂತೇ ಸುಧಾರಿಸಿಕೊಳ್ಳಬೇಕು. ಧ್ವನಿಗೆ ಬೇರೆಯವರನ್ನು ಹಾಕಬೇಕೆಂದಿದ್ದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹಲವರನ್ನು ಪರೀಕ್ಷಿಸಿ, ಕೊನೆಗೆ ಡೇನಿಯಲ್ಸ್ ಧ್ವನಿಯನ್ನೇ ಉಳಿಸಿಕೊಂಡರು. ಆ ಮೈಗೆ ಆ ದನಿಯೇ ಹೊಂದಿತು.

‘ರೋಬೋಕಾಪ್’ (1987) ಚಿತ್ರದ ಪೀಟರ್ ವೆಲರ್ ಮೋನಿ ಯಾಕಿಮ್ ಎಂಬ ಮೂಕಾಭಿನಯ ಗುರುವಿನ ಬಳಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ಕವಚ ಕೈಗೆ ಬಂದಾಗ ಕಲಿತದ್ದೊಂದೂ ಅದರೊಳಗೆ ನಡೆಯಲಿಲ್ಲ. ಚಿತ್ರೀಕರಣ ನಿಲ್ಲಿಸಿ, ನಡಿಗೆಯನ್ನು ಮೊದಲಿನಿಂದ ಕಟ್ಟಬೇಕಾಯಿತು.

2013ರಲ್ಲಿ ರೋಮ್ ಚಿತ್ರೋತ್ಸವ ಸ್ಕಾರ್ಲೆಟ್ ಜೊಹಾನ್ಸನ್‌ಗೆ ಶ್ರೇಷ್ಠ ನಟಿ ಪ್ರಶಸ್ತಿ ಕೊಟ್ಟಿತು. ‘ಹರ್’ ಚಿತ್ರದಲ್ಲಿ ಆಕೆ ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ, ಕಂಪ್ಯೂಟರಿನ ಧ್ವನಿ ಮಾತ್ರ. ಮೈಯಿಲ್ಲದ ಧ್ವನಿ ಅಭಿನಯವಾಗುವುದಾದರೆ ಮುಖವಿಲ್ಲದ ಮೈ ಯಾಕಾಗಬಾರದು? 1956ರ ‘ಫರ್ಬಿಡನ್ ಪ್ಲಾನೆಟ್’ನಲ್ಲಿ ರೋಬಿ ಎಂಬ ರೋಬೋಗೇ ತಾರಾಗಣದಲ್ಲಿ ಹೆಸರು ಕೊಟ್ಟರು. ಅದನ್ನು ಹೊತ್ತು ನಡೆದ ಫ್ರ್ಯಾಂಕಿ ಡ್ಯಾರೊ ಹೆಸರು ಎಲ್ಲೂ ಇಲ್ಲ. ಪ್ರಶಸ್ತಿ ಸಮಿತಿಗಳು ಇವತ್ತಿಗೂ ಆ ಟೈಟಲ್ ಕಾರ್ಡನ್ನೇ ಓದುತ್ತಿವೆ.

ವಿರೋಧ: ಹೆಸರು ಬೇಕು, ಒಬ್ಬರ ತಲೆಗೇ ಕಿರೀಟ ಬೇಡ

ದಸರೆಯ ಮೆರವಣಿಗೆಯಲ್ಲಿ ಗಾರುಡಿ ಗೊಂಬೆಯನ್ನು ಹತ್ತಿರದಿಂದ ನೋಡಿದ್ದೇನೆ. ಮೆರವಣಿಗೆ ನಿಂತಾಗ ಬಿದಿರಿನ ಗೊಂಬೆಯನ್ನು ಕೆಳಗಿಳಿಸಿ ಒಬ್ಬ ಹೊರಗೆ ಬಂದ. ಬನಿಯನ್ನು ಮೈಗಂಟಿತ್ತು, ಹೆಗಲ ಮೇಲೆ ಬಿದಿರು ಒತ್ತಿದ ಕೆಂಪು ಗೆರೆ. ಒಂದು ಲೋಟ ನೀರು ಕುಡಿದು, ಮುಖ ಒರೆಸಿಕೊಂಡು ಮತ್ತೆ ಒಳಗೆ ಹೊಕ್ಕ. ಆ ದಿನದಿಂದ ವೇಷ ಹೊರುವವರ ಬಗ್ಗೆ ನನಗೆ ಗೌರವ ಹೆಚ್ಚೇ ಆಗಿದೆ. ಆದರೆ ಆ ಗೊಂಬೆ ಅವನೊಬ್ಬನದಲ್ಲ. ಬಿದಿರು ಹೆಣೆದವನು, ಮುಖ ಬರೆದವನು, ಮುಂದೆ ನಿಂತು ತಮಟೆ ಬಾರಿಸುವವನು ಎಲ್ಲರೂ ಅದರಲ್ಲಿದ್ದಾರೆ. ತಮಟೆ ನಿಂತರೆ ಗೊಂಬೆಯ ಕುಣಿತವೂ ನಿಂತಂತೆ.

ತೆರೆಯ ಮೇಲಿನ ರೋಬೋ ಇನ್ನೂ ಹೆಚ್ಚು ಜನರ ಕೈಯಲ್ಲಿ ಹುಟ್ಟುತ್ತದೆ. ‘ಸ್ಟಾರ್ ವಾರ್ಸ್’ನ ಇನ್ನೊಂದು ರೋಬೋ ಆರ್2-ಡಿ2 ಒಳಗೆ ಕೂತವರು 3 ಅಡಿ 8 ಅಂಗುಲದ ಕೆನ್ನಿ ಬೇಕರ್, ಆದರೆ ಕೆಲವು ದೃಶ್ಯಗಳಲ್ಲಿ ಮಾತ್ರ. ಉಳಿದ ಕಡೆ ರಿಮೋಟಿನಿಂದ ಓಡುವ ಯಂತ್ರ. ನಮಗೆಲ್ಲ ನೆನಪಿರುವ ಆ ಸಿಳ್ಳೆ, ಚಿಲಿಪಿಲಿ ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅವರದು. ‘ಐ ಆ್ಯಮ್ ಮದರ್’ (2019) ಚಿತ್ರದ ತಾಯಿ-ರೋಬೋ ಒಳಗಿನ ಮೈ ಲ್ಯೂಕ್ ಹಾಕರ್ ಅವರದು, ಧ್ವನಿ ರೋಸ್ ಬರ್ನ್ ಅವರದು, ಕವಚ ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪಿನದು. ‘ಮೆಗನ್’ (2022) ಚಿತ್ರದ ರೋಬೋ ಗೊಂಬೆಗೆ ಏಮಿ ಡೊನಾಲ್ಡ್ ಎಂಬ ಹುಡುಗಿಯ ಮೈ, ಜೆನ್ನಾ ಡೇವಿಸ್ ಧ್ವನಿ, ಜೊತೆಗೆ ಗೊಂಬೆಯಾಡಿಸುವವರ ಕೈಚಳಕ. ಇದರಲ್ಲಿ ಶ್ರೇಷ್ಠ ನಟಿ ಯಾರು? ಒಬ್ಬರನ್ನು ವೇದಿಕೆಗೆ ಕರೆದ ಕೂಡಲೇ ಉಳಿದವರನ್ನು ಮತ್ತೊಮ್ಮೆ ಕತ್ತಲಿಗೆ ತಳ್ಳಿದಂತಾಗುತ್ತದೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕುಂಞಪ್ಪನನ್ನೇ ಮತ್ತೊಮ್ಮೆ ನೋಡಿ, ಆದರೆ ಈ ಸಲ ಮುದುಕನ ಕಣ್ಣನ್ನು ಮಾತ್ರ ನೋಡಿ. ರೋಬೋ ಸುಮ್ಮನೆ ನಿಂತಿರುತ್ತದೆ. ಅದಕ್ಕೆ ಬೇಜಾರಾಯಿತೇನೋ ಎಂದು ನಮಗೆ ಅನ್ನಿಸುವುದು ಭಾಸ್ಕರ ಪೊದುವಾಳ್ ಅದರತ್ತ ಹೊರಳಿ ನೋಡುವ ರೀತಿಯಿಂದ. ಅಲುಗದ ಮುಖದ ಮೇಲೆ ನಾವು ಓದುವ ಭಾವವೆಲ್ಲ ಎದುರಿನ ನಟನಿಂದ ಎರವಲು ತಂದದ್ದು. ಸುರಾಜ್ ಒಬ್ಬರಿಗೇ ಪ್ರಶಸ್ತಿ ಬಂದದ್ದು ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಇಬ್ಬರ ಅಭಿನಯದ ಭಾರವನ್ನು ಹೊತ್ತವರು ಅವರು. ಬ್ರಿಗಿಟ್ಟೆ ಹೆಲ್ಮ್ ಹೆಸರು ಉಳಿದದ್ದೂ ಕವಚದೊಳಗಿನ ನಾಲ್ಕು ಹೆಜ್ಜೆಯಿಂದಲ್ಲ. ಅದೇ ಯಂತ್ರಸ್ತ್ರೀ ಚಿತ್ರದ ನಾಯಕಿ ಮರಿಯಾಳ ರೂಪ ತಾಳಿದ ಮೇಲೆ, ಮುಖ ತೆರೆದು, ಒಂದು ಊರನ್ನೇ ಕೆರಳಿಸುವ ಆ ಕಣ್ಣುಗಳಿಂದ.

ನೋಡಿ ತೂಗುವವರ ಕಷ್ಟವೂ ಇದೆ. 1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ನ ದೈತ್ಯ ರೋಬೋ ಗೋರ್ಟ್ ನಾಯಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗುತ್ತದೆ. ಒಳಗಿದ್ದ ಲಾಕ್ ಮಾರ್ಟಿನ್ 7 ಅಡಿ ಮೀರಿದ ಆಳು, ಆದರೆ ತ್ರಾಣ ಸಾಲದು. ಭಾರ ಹೊತ್ತದ್ದು ತಂತಿಗಳು. ಇವತ್ತಿನ ಚಿತ್ರಗಳಲ್ಲಂತೂ ಕತ್ತು ಹೊರಳಿಸಿದ್ದು ನಟನೋ, ಮೋಟಾರೋ, ಆಮೇಲೆ ಕಂಪ್ಯೂಟರಿನ ಮುಂದೆ ಕೂತವರೋ ಎಂದು ತೀರ್ಪುಗಾರರು ಹೇಗೆ ಹೇಳಬೇಕು? ‘ಇಂಟರ್‌ಸ್ಟೆಲ್ಲರ್’ (2014) ಚಿತ್ರದ ಟಾರ್ಸ್ ಎಂಬ ರೋಬೋವನ್ನು ಸೆಟ್ಟಿನಲ್ಲಿ ಆಡಿಸಿದ ಬಿಲ್ ಇರ್ವಿನ್ ಸುಮಾರು 90 ಕಿಲೋ ತೂಕದ ಗೊಂಬೆಯ ಹಿಂದೆ ನಿಂತಿದ್ದರು. ಚಿತ್ರದಲ್ಲಿ ಅವರ ಮೈಯನ್ನೇ ಅಳಿಸಿಹಾಕಿದ್ದಾರೆ. ಅಳಿಸಿದವರ ಕೆಲಸವೂ ಆ ಪಾತ್ರದ ಭಾಗವೇ.

ನಾನು ಕೇಳುವುದು ಬೇರೆ. ವೇಷ ತೊಟ್ಟವರ, ದನಿ ಕೊಟ್ಟವರ, ಕವಚ ಮಾಡಿದವರ ಹೆಸರುಗಳು ಚಿತ್ರದ ಮೊದಲ ಟೈಟಲ್‌ಗಳಲ್ಲೇ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಬರಲಿ. ಗುಟ್ಟು ಕಾಯಬೇಕಿದ್ದರೆ ಕೊನೆಯಲ್ಲಾದರೂ ಬರಲಿ, ಚಿತ್ರಮಂದಿರದ ದೀಪ ಹತ್ತುವ ಮೊದಲು. ಸೆಟ್ಟಿನಲ್ಲಿ ಇಷ್ಟು ಹೊತ್ತಿಗೊಮ್ಮೆ ಕವಚ ಕಳಚಿ ಉಸಿರಾಡಲು ಬಿಡಬೇಕೆಂಬ ನಿಯಮ ಕರಾರಿನಲ್ಲೇ ಇರಲಿ. ಪ್ರಶಸ್ತಿ ಕೊಡುವುದೇ ಆದರೆ ‘ಶ್ರೇಷ್ಠ ರೋಬೋ ಪಾತ್ರ’ ಎಂದು ಇಡೀ ತಂಡಕ್ಕೆ ಕೊಡಲಿ, ಅದನ್ನು ತೆಗೆದುಕೊಳ್ಳಲು ವೇಷದೊಳಗಿದ್ದವರೇ ಮುಂದೆ ನಡೆದು ಬರಲಿ.