ಚದರಡಿಗೆ ಆರುನೂರೈವತ್ತು, ಅಷ್ಟೇ

ಮಳೆ ಹಿಡಿದ ಮೂರನೆಯ ದಿನಕ್ಕೆ ಹಳೇ ಮನೆಯ ಮರದ ಕಿಟಕಿ ಸತ್ಯಾಗ್ರಹಕ್ಕೆ ಕೂರುತ್ತದೆ. ತೆರೆದಿದ್ದರೆ ಮುಚ್ಚುವುದಿಲ್ಲ, ಮುಚ್ಚಿದ್ದರೆ ತೆರೆಯುವುದಿಲ್ಲ. ಮನೆಯ ಯಜಮಾನರು ಅಂಗೈಯಿಂದ ಗುದ್ದಿ ಅಂಗೈ ಉಜ್ಜಿಕೊಳ್ಳುತ್ತಾರೆ. ಯಜಮಾನಿ ಮಡಚಿದ ನ್ಯೂಸ್‌ಪೇಪರನ್ನು ಸಂದಿಗೆ ತುರುಕಿ, ಈ ವರ್ಷ ಇದಕ್ಕೊಂದು ಗತಿ ಕಾಣಿಸಿ ಅನ್ನುತ್ತಾರೆ. ಗತಿ ಕಾಣಿಸಬೇಕೋ ಬೇಡವೋ ತಿಳಿಯಲು ಪಂಚಾಂಗ ಬೇಡ, ಸ್ಕ್ರೂಡ್ರೈವರ್ ಸಾಕು. ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಲ್ಲಿ ಒತ್ತಿ ನೋಡಬೇಕು. ಮರ ಟಕ್ ಎಂದರೆ ಇನ್ನೂ ಜೀವವಿದೆ, ಬಾಗಿಲಿನ ಅಂಚನ್ನು ಬೇಸಿಗೆಯಲ್ಲಿ ಉಜ್ಜುಗೊರಡು ಹೊಡೆಸಿದರೆ ಹತ್ತು ವರ್ಷ ದೂಡಬಹುದು. ಚಹಾಕ್ಕೆ ಅದ್ದಿದ ರಸ್ಕಿನಂತೆ ಒಳಕ್ಕೆ ಇಳಿದರೆ ಗೆದ್ದಲು ಆಗಲೇ ಗೃಹಪ್ರವೇಶ ಮುಗಿಸಿದೆ ಎಂದರ್ಥ.

ಆಗ ಕಾಂಪೌಂಡಿನ ಆಚೆಯಿಂದ ಸಲಹೆ ಬರುತ್ತದೆ. ಪಕ್ಕದ ಮನೆಯವರು ಹೋದ ವರ್ಷ ಬಿಳೀ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ, ಕಿಟಕಿ ಹಾಕಿಸಿದ್ದಾರೆ. ಎಷ್ಟಾಯ್ತು ಸಾರ್ ಎಂದರೆ ಅವರ ಉತ್ತರ ಒಂದೇ ಸಾಲು: "ಚದರಡಿಗೆ ಆರುನೂರೈವತ್ತು ಸಾರ್, ಅಷ್ಟೇ."

ಆ 'ಅಷ್ಟೇ' ಎಂಬಲ್ಲೇ ಎಲ್ಲ ಅನಾಹುತ ಅಡಗಿರುವುದು. ಕಿಟಕಿಯ ದರ ಹೇಳುವುದು ಚದರಡಿಯಲ್ಲಿ, ದುಡ್ಡು ಸೋರುವುದು ಸುತ್ತಳತೆಯಲ್ಲಿ. ಕಿಟಕಿ ಗೋಡೆಗೆ ಸೇರುವ ಆ ನಾಲ್ಕು ಅಂಚಿನಲ್ಲೇ ಗಾರೆ ಒಡೆಯುವುದು, ಬಣ್ಣ ಕೆಡುವುದು, ನೀರು ನುಗ್ಗುವುದು. ಅಂಚಿನ ಲೆಕ್ಕ ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ.

ಒಂದು ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. 30×40 ಸೈಟು, ಇಪ್ಪತ್ತೈದು ವರ್ಷದ ಹಿಂದೆ ಕಟ್ಟಿದ್ದು, ಎಂಟು ಕಿಟಕಿ. (ವಾಸ್ತು ನೋಡುವವರಿಗೆ ಎಂಟು ಸಮಸಂಖ್ಯೆ, ನೆಮ್ಮದಿ. ಇದ್ದಕ್ಕಿದ್ದಂತೆ ಒಂದನ್ನು ಮುಚ್ಚಿಸುವ ಯೋಚನೆ ಬಂದರೆ ಏಳಾಗಿ, ಮತ್ತೊಂದು ಮುಚ್ಚಲೋ ಇನ್ನೊಂದು ತೆಗೆಸಲೋ ಎಂದು ಅದಕ್ಕೇ ಒಂದು ಬಜೆಟ್ ಬೇಕಾದೀತು.) ಹಾಲಿನದು 6 ಅಡಿ ಅಗಲ, 4.5 ಅಡಿ ಎತ್ತರ. ರೂಮುಗಳಲ್ಲಿ 4×4.5ರ ನಾಲ್ಕು. ಅಡುಗೆಮನೆಗೆ 4×3. ಬಚ್ಚಲಿಗೆ 2×1.5ರ ವೆಂಟಿಲೇಟರ್ ಎರಡು. ಕೂಡಿದರೆ 117 ಚದರಡಿ. ಇನ್ನು ಸುತ್ತಳತೆ: 21, ಹದಿನೇಳು ನಾಲ್ಕಲಿ 68, 14, ಏಳು ಎರಡಲಿ 14. ಅದೂ 117 ಅಡಿಯೇ! ಈ ಅಂಕಿ ಮನೆಗೆ ಗಂಟುಬಿದ್ದಿದೆ, ಮುಂದೆ ಮತ್ತೆ ಬರುತ್ತದೆ.

ಯಜಮಾನರು ಕ್ಯಾಲೆಂಡರಿನ ಹಿಂದೆ ಬರೆಯುವ ಲೆಕ್ಕ ಇಷ್ಟು: 117 × 650 = 76,050 ರೂಪಾಯಿ. ಎಪ್ಪತ್ತಾರು ಸಾವಿರ, ದೀಪಾವಳಿಯೊಳಗೆ ಹೊಂದಿಸಬಹುದು ಎಂದುಕೊಂಡು ಮಲಗುತ್ತಾರೆ. ನಿಮ್ಮೂರಿನಲ್ಲಿ ದರ ಬೇರೆ ಇರಬಹುದು. ಇಲ್ಲಿನ ದರಗಳೆಲ್ಲ ಲೆಕ್ಕ ಓಡಿಸಲು ಇಟ್ಟುಕೊಂಡವು, ಆದರೆ ಲೆಕ್ಕ ಓಡುವ ದಾರಿ ಎಲ್ಲ ಕಡೆಯೂ ಇದೇ.

ಮೊದಲ ಪೆಟ್ಟು ಕೊಡುವುದು ಬಚ್ಚಲ ವೆಂಟಿಲೇಟರ್. ಅದು ಬರೀ ಮೂರು ಚದರಡಿ. ಆದರೆ ಚಿಕ್ಕದಕ್ಕೂ ನಾಲ್ಕು ಮೂಲೆ ಬೆಸೆಯಬೇಕು, ಬೀಗ ಹಾಕಬೇಕು, ಆಳು ಬಂದು ಕೂರಿಸಬೇಕು. ಹಾಗಾಗಿ ಕನಿಷ್ಠ ಇಷ್ಟು ಚದರಡಿ ಎಂದು ಬಿಲ್ ಹಾಕುವವರೇ ಹೆಚ್ಚು. ಆರು ಎಂದು ಹಿಡಿದರೂ ಎರಡಕ್ಕೆ ಆರು ಚದರಡಿ ಗಾಳಿಗೆ ದುಡ್ಡು ಕೊಟ್ಟ ಹಾಗೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಇರಬೇಕು. ಗಾಜಿನವರದು ಇನ್ನೊಂದು ಪದ್ಧತಿ, ಅಳತೆಯನ್ನು ಮುಂದಿನ ಮೂರಿಂಚಿಗೋ ಆರಿಂಚಿಗೋ ಏರಿಸಿ ಬರೆಯುವುದು. 3 ಅಡಿ 7 ಇಂಚು ಬಿಲ್ಲಿನಲ್ಲಿ 4 ಅಡಿಯಾಗಿ ಬೆಳೆದಿರುತ್ತದೆ. ಕೊಟೇಶನ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ. ಅಳತೆಯನ್ನು ಹೇಗೆ ಏರಿಸುತ್ತೀರಿ, ಕನಿಷ್ಠ ಎಷ್ಟು ಹಿಡಿಯುತ್ತೀರಿ ಎಂಬುದು. ಈಗ 123 ಚದರಡಿಗೆ 79,950. ಅದರ ಮೇಲೆ ಜಿಎಸ್‌ಟಿ ಶೇಕಡ 18, ಅಂದರೆ 14,391. ಒಟ್ಟು 94,341. ಇನ್ನೂ ಒಂದು ಮೊಳೆ ಹೊಡೆದಿಲ್ಲ.

ಆಮೇಲೆ ಸರಳಿನ ವಿಷಯ. ನಮ್ಮ ಹಳೇ ಮನೆಗಳಲ್ಲಿ ಕಬ್ಬಿಣದ ಗ್ರಿಲ್ ನಿಂತಿರುವುದು ಮರದ ಚೌಕಟ್ಟಿನ ಹೊಟ್ಟೆಯೊಳಗೆ. ಚೌಕಟ್ಟು ಹೋದರೆ ಗ್ರಿಲ್ಲೂ ಹೋಯಿತು. ಯುಪಿವಿಸಿಗೆ ಗ್ರಿಲ್ ಕಚ್ಚಿಸುವಂತಿಲ್ಲ, ಅದನ್ನು ಬೇರೆಯಾಗಿ ಗೋಡೆಗೇ ಕೂರಿಸಬೇಕು. ಇದು ನೆನಪಾಗುವುದು ಸಾಮಾನ್ಯವಾಗಿ ಕಿಟಕಿ ಕಿತ್ತ ದಿನ ಸಂಜೆ ಆರು ಗಂಟೆಗೆ, ರಾತ್ರಿ ಕಾವಲು ಯಾರು ಎಂಬ ಪ್ರಶ್ನೆಯೊಂದಿಗೆ. ಲೆಕ್ಕ ಸುಲಭ: 10 ಮಿಮೀ ಚೌಕ ಸರಳು ಮೀಟರಿಗೆ 0.785 ಕಿಲೋ ತೂಗುತ್ತದೆ. 4×4.5ರ ಕಿಟಕಿಗೆ ನಾಲ್ಕಿಂಚಿಗೊಂದರಂತೆ 13 ಅಡ್ಡ ಸರಳು, ಸುತ್ತ ಹಾಗೂ ನಡುವೆ ಪಟ್ಟಿ ಸೇರಿ ಹದಿನೇಳೂವರೆ ಕಿಲೋ. ಅಂದರೆ ಚದರಡಿಗೆ ಹತ್ತಿರ ಹತ್ತಿರ ಒಂದು ಕಿಲೋ. ಬಂತು ನೋಡಿ, ಇಡೀ ಮನೆಗೆ ಸುಮಾರು 117 ಕಿಲೋ! ಕಿಲೋಗೆ 130ರಂತೆ 15,210. ತೂಕ ಹಾಕಿಸುವುದು ಬಣ್ಣ ಬಳಿಯುವ ಮೊದಲು, ನೀವು ಎದುರಿಗಿದ್ದಾಗ. ಡಿಸೈನು ಬಳುಕಿದಷ್ಟೂ ಕಿಲೋ ಏರುತ್ತದೆ, ನವಿಲು ಬೇಕೆಂದವರು ನವಿಲಿನ ತೂಕವನ್ನೂ ಕೊಡಬೇಕು.

ಅಳತೆ ಹಿಡಿಯುವುದೇ ಒಂದು ನಾಟಕ. ಮರದ ಚೌಕಟ್ಟು ಇನ್ನೂ ಗೋಡೆಯಲ್ಲಿರುವಾಗ ಅದರ ಹಿಂದಿನ ನಿಜವಾದ ತೂತು ಎಷ್ಟು ದೊಡ್ಡದೆಂದು ಕಾಣುವುದಿಲ್ಲ, ಗಾರೆ ಮುಚ್ಚಿಕೊಂಡಿರುತ್ತದೆ. ಕಿತ್ತ ಮೇಲೆ ಅಳೆದರೆ ಅಳತೆ ಸರಿ, ಆದರೆ ಕಿಟಕಿ ತಯಾರಾಗಿ ಬರಲು ಮೂರು ನಾಲ್ಕು ವಾರ. ಅಷ್ಟು ದಿನ ಮನೆ ಬಸ್‌ಸ್ಟ್ಯಾಂಡು. ಗೊತ್ತಿದ್ದವರು ಮಾಡುವುದು ಬೇರೆ: ಪ್ರತಿ ಕಿಟಕಿಯ ನಾಲ್ಕು ಬದಿಯಲ್ಲೂ ಅಂಗೈಯಗಲ ಗಾರೆ ಕೆತ್ತಿ ಚೌಕಟ್ಟಿನ ಹೊರಂಚು ಕಂಡುಕೊಂಡು ಅಳೆಯುತ್ತಾರೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿದು ಕಡಿಮೆ ಬಂದದ್ದನ್ನೇ ಬರೆದುಕೊಳ್ಳಬೇಕು. ಎತ್ತರಕ್ಕೂ ಹಾಗೇ. ಅದರಲ್ಲಿ 10 ಮಿಮೀ ಕಳೆಯಬೇಕು, ಪ್ರತಿ ಬದಿಗೆ ಐದರ ಸಂದಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಹಿಡಿದರೆ ತೂತು ಸೊಟ್ಟಗಿದೆಯೋ ಎಂಬುದೂ ಬಯಲಾಗುತ್ತದೆ. ಹಳೇ ಮನೆಯಲ್ಲಿ ಸೊಟ್ಟಗಿರದ ತೂತು ಸಿಕ್ಕರೆ ಆ ಮೇಸ್ತ್ರಿಗೆ ಹಾರ ಹಾಕಬಹುದು.

ಯಡವಟ್ಟು ಆಗುವುದು ಭಾಷೆಯಲ್ಲಿ. ಬಡಗಿ ಅಳೆಯುವುದು ಇಂಚು ಮತ್ತು ನೂಲಿನಲ್ಲಿ, ಇಂಚಿಗೆ ಎಂಟು ನೂಲು. ಕಿಟಕಿಯವರು ಬರೆಯುವುದು ಮಿಲಿಮೀಟರಿನಲ್ಲಿ. ಒಬ್ಬರು ಕೂಗಿ ಇನ್ನೊಬ್ಬರು ಬರೆದುಕೊಳ್ಳುವ ನಡುವೆ ಮೂರು ನೂಲು ಗಾಳಿಗೆ ಹೋಗುತ್ತದೆ. ಮೂರು ನೂಲು ಎಂದರೆ ಒಂಬತ್ತೂವರೆ ಮಿಮೀ, ಬಿಟ್ಟ ಸಂದಿ ಪೂರ್ತಿ ಮುಗಿಯಿತು. ಇನ್ನು ಕಿಟಕಿಯ ಕೆಳಗೆ ಹೊಸ ಗ್ರಾನೈಟ್ ಹಾಸು ಹಾಕಿಸುವ ಯೋಚನೆ ಬಂದರೆ ಅದರ 18-20 ಮಿಮೀ ದಪ್ಪ ಅಳತೆಗೆ ಮೊದಲೇ ಬರಬೇಕು. ಆಮೇಲೆ ಹೊಳೆದರೆ ಕಿಟಕಿ ಕೂರುವುದಿಲ್ಲ, ಕಲ್ಲಿನವರೂ ಕಿಟಕಿಯವರೂ ಪರಸ್ಪರ ಮುಖ ನೋಡಿಕೊಂಡು ಕೂರುತ್ತಾರೆ.

ಗಟ್ಟಿ ಇರಲಿ ಎಂದು ಟಫನ್ಡ್ ಗಾಜು ಹೇಳಿದರಂತೂ ತಪ್ಪಿಗೆ ಕ್ಷಮೆಯೇ ಇಲ್ಲ. ಕಾಯಿಸಿ ತಣಿಸಿದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲು ಬರುವುದಿಲ್ಲ. ಪ್ರಯತ್ನಿಸಿದರೆ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಉದುರುತ್ತದೆ. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಬೇಕೇ, ಅಡುಗೆಮನೆಯ ಚಿಮ್ನಿ ಪೈಪು ಎಲ್ಲಿಂದ ಹೊರಗೆ ಹೋಗಬೇಕು ಎಂಬುದನ್ನು ಆರ್ಡರಿಗೆ ಮುಂಚೆ ತೀರ್ಮಾನಿಸಬೇಕು. ಚಿಮ್ನಿಯವನು ಯಾವಾಗಲೂ ಕಿಟಕಿ ಕೂತ ಮರುದಿನವೇ ಬಂದು, ಈ ಗಾಜಿಗೊಂದು ಆರಿಂಚು ತೂತು ಹೊಡೀಬೇಕು ಮೇಡಂ ಅನ್ನುತ್ತಾನೆ.

ಜಾರುವ ಕಿಟಕಿಯೋ ಕದದ ಕಿಟಕಿಯೋ ಎಂಬ ಚರ್ಚೆ ಮನೆಮನೆಯಲ್ಲೂ ಇದೆ. ಎರಡು ಹಳಿಯ ಜಾರುಕಿಟಕಿ ಎಷ್ಟೇ ತೆರೆದರೂ ತೆರೆಯುವುದು ಅರ್ಧವೇ, ಇನ್ನರ್ಧಕ್ಕೆ ಗಾಜಿನ ಹಿಂದೆ ಗಾಜು ನಿಂತಿರುತ್ತದೆ. ಸೊಳ್ಳೆಪರದೆಗೆ ಇನ್ನೊಂದು ಹಳಿ ಬೇಕು. ಮೂರು ಹಳಿಯ ಚೌಕಟ್ಟು 100 ಮಿಮೀ ದಾಟುವುದುಂಟು, ಅದರಾಚೆ ಗ್ರಿಲ್ಲಿಗೆ ಗೋಡೆಯಲ್ಲಿ ಜಾಗ ಉಳಿಯಿತೇ ನೋಡಿಕೊಳ್ಳಬೇಕು. ಹಾಲಿನ ಕಿಟಕಿಗೆ 5 ಮಿಮೀ ಗಾಜೆಂದರೆ ಗಾಜೊಂದೇ 31 ಕಿಲೋ, ಒಂದೊಂದು ಕದಕ್ಕೆ ಹದಿನಾರರ ಹತ್ತಿರ. ಇದನ್ನು ಹೊರುವ ಚಕ್ರ ಬೇರಿಂಗ್ ಇರುವ ಸ್ಟೀಲಿನದೋ ಬರೀ ನೈಲಾನೋ ಎಂದು ಕೇಳುವವರು ಕಡಿಮೆ. ಚೌಕಟ್ಟಿನ ಪ್ಲಾಸ್ಟಿಕ್ ಕೊಳವೆಯ ಹೊಟ್ಟೆಯಲ್ಲಿ ಕಬ್ಬಿಣದ ಬಲಪಟ್ಟಿ ಇದೆಯೇ ಎಂದು ಆಯಸ್ಕಾಂತ ಹಿಡಿದು ನೋಡುವವರು ಇನ್ನೂ ಕಡಿಮೆ. ಫ್ರಿಜ್ಜಿಗೆ ಅಂಟಿಸಿದ ಗಣಪತಿ ಆಯಸ್ಕಾಂತ ಕೆಲಸ ಮಾಡೀತೇ ಎಂದು ಕೇಳಬೇಡಿ, ಪ್ಲಾಸ್ಟಿಕ್ಕಿನ ದಪ್ಪ ದಾಟಲು ಸ್ವಲ್ಪ ಬಲವಾದದ್ದೇ ಬೇಕು.

ಇನ್ನು ಕೀಳುವ ದಿನ. ಹಳೇ ಹೊನ್ನೆಯ ಮರ, ಸಾಗುವಾನಿ, ಮಾರಿದರೆ ಅರ್ಧ ಖರ್ಚು ಹುಟ್ಟುತ್ತದೆ ಎಂದು ಮನೆಯಲ್ಲಿ ಒಬ್ಬರು ನಂಬಿರುತ್ತಾರೆ. ಆದರೆ ಗೋಡೆ ಉಳಿಸಿ ಚೌಕಟ್ಟು ತೆಗೆಯುವ ಸರಿಯಾದ ಕ್ರಮವೆಂದರೆ ನಿಂತ ಕಂಬವನ್ನು ನಡುವೆ ಓರೆಯಾಗಿ ಗರಗಸದಿಂದ ಕೊಯ್ದು, ಎರಡು ತುಂಡನ್ನೂ ಒಳಕ್ಕೆ ಬಾಗಿಸಿ, ಗೋಡೆಯಲ್ಲಿ ಹೂತ ಕಬ್ಬಿಣದ ಹಿಡಿಪಟ್ಟಿ, ಅಂದರೆ ಹೋಲ್ಡ್‌ಫಾಸ್ಟನ್ನು ಕತ್ತರಿಸಿ ಎಳೆಯುವುದು. ಕೊಯ್ದ ಚೌಕಟ್ಟು ಹಳೇ ಮರದವರಿಗೆ ಸೌದೆ. ಇಡಿಯಾಗಿ ಕಿತ್ತರೆ ಮರ ಉಳಿಯುತ್ತದೆ, ಅದರ ಜೊತೆ ಒಂದೊಂದು ಬದಿಯಲ್ಲೂ ಗೇಣಗಲ ಗಾರೆ, ಕೆಲವೊಮ್ಮೆ ಎರಡು ಇಟ್ಟಿಗೆ ಬರುತ್ತದೆ. ಮರವೋ ಗೋಡೆಯೋ, ಒಂದನ್ನು ಆರಿಸಿಕೊಳ್ಳಬೇಕು. ಗೆದ್ದಲು ತಿಂದ ಚೌಕಟ್ಟಿಗೆ ಈ ಧರ್ಮಸಂಕಟವಿಲ್ಲ.

ಗಾರೆಯವರು ಮತ್ತು ಸಹಾಯಕರು ಮೂರು ದಿನ, ದಿನಕ್ಕೆ ಇಬ್ಬರಿಗೂ ಸೇರಿ 2,000 ಎಂದರೆ 6,000. ಸಿಮೆಂಟು, ಎಂ-ಸ್ಯಾಂಡಿಗೆ 2,500. ಅವಶೇಷ ಸಾಗಿಸಲು 1,500. ಕಸದ ಗಾಡಿ ಅದನ್ನು ಮುಟ್ಟುವುದಿಲ್ಲ. ಮಹಡಿ ಇದ್ದರೆ ಹೊರಗೆ ಸಾರುವೆ ಕಟ್ಟುವ ಖರ್ಚು ಬೇರೆ.

ಬಣ್ಣದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬಜೆಟ್ ಬುಡಮೇಲಾಗುವುದು ಇಲ್ಲಿ. ತೇಪೆ ಹಾಕಿದ ಕಡೆ ಬಳಿದರೆ ಸಾಕು ಎಂದುಕೊಂಡು ಅದೇ ಕಂಪನಿಯ ಅದೇ ನಂಬರಿನ ಬಣ್ಣ ತರುತ್ತಾರೆ. ಗೋಡೆಯ ಮೇಲಿನದು ಎಂಟು ವರ್ಷದ ಬಿಸಿಲು, ಒಗ್ಗರಣೆ ಹೊಗೆ ಕುಡಿದದ್ದು, ಡಬ್ಬಿಯಲ್ಲಿರುವುದು ನಿನ್ನೆಯದು. ಕಿಟಕಿಯ ಸುತ್ತ ಪ್ರಭಾವಳಿ ಮೂಡುತ್ತದೆ. ಅದಕ್ಕಾಗಿ ಮೂಲೆಯಿಂದ ಮೂಲೆಗೆ ಆ ಇಡೀ ಗೋಡೆ ಬಳಿಯಬೇಕು. ಆ ಗೋಡೆ ಹೊಳೆದಾಗ ಉಳಿದ ಮೂರು ಮಂಕಾಗುತ್ತವೆ. ಮಿತವಾಗಿ ಹಿಡಿದು 12,000 ಬರೆದುಕೊಳ್ಳಿ. ಮತ್ತೊಂದು ವಿಷಯ, ಹೊಸ ಗಾರೆಗೆ ಏಳು ದಿನ ನೀರು, ಬಣ್ಣಕ್ಕೆ ಮುಂಚೆ ಒಟ್ಟು ನಾಲ್ಕು ವಾರ ಒಣಗಲು ಬಿಡಬೇಕು. ಗೌರಿ ಹಬ್ಬದೊಳಗೆ ಮುಗಿಸಿಕೊಡ್ತೀನಿ ಎಂದವರು ಹಸಿ ಗಾರೆಯ ಮೇಲೆ ಬಳಿದು ಹೋದರೆ, ದಸರಾ ಹೊತ್ತಿಗೆ ಗೋಡೆಯಲ್ಲಿ ಪೂರಿ ಉಬ್ಬುತ್ತದೆ. ಆಷಾಢದಲ್ಲಿ ಶುಭಕಾರ್ಯವಿಲ್ಲದೆ ಆಳು ಸುಲಭವಾಗಿ ಸಿಗುತ್ತಾರೆ, ಚೌಕಾಸಿಗೂ ಬಗ್ಗುತ್ತಾರೆ ನಿಜ. ಆದರೆ ಆಷಾಢದ ಮಳೆ ಚೌಕಾಸಿಗೆ ಬಗ್ಗುವುದಿಲ್ಲ.

ಕೊನೆಗೆ ಚೌಕಟ್ಟಿನ ಸುತ್ತಲ ಸಂದಿ ಮುಚ್ಚುವ ಸಿಲಿಕೋನ್. 300 ಮಿಲಿಯ ಟ್ಯೂಬು 6 ಮಿಮೀ ಅಗಲ, 6 ಮಿಮೀ ಆಳದ ಗೆರೆಗೆ ಸುಮಾರು 8.3 ಮೀಟರ್ ಬರುತ್ತದೆ. ನಮ್ಮ 117 ಅಡಿ ಎಂದರೆ 35.7 ಮೀಟರ್, ಒಳಗೂ ಹೊರಗೂ ಸೇರಿ 71. ಒಂಬತ್ತು ಟ್ಯೂಬು ಬೇಕೇಬೇಕು, ಚೆಲ್ಲಿದ್ದು ಸೇರಿ ಹನ್ನೊಂದು. ಬಂದವರ ಚೀಲದಲ್ಲಿ ನಾಲ್ಕೇ ಇದ್ದರೆ ಉಳಿದ ಕಿಟಕಿಗಳಿಗೆ ಏನು ತುಂಬುತ್ತಾರೆ ಎಂದು ಆಗಲೇ ಕೇಳಿಬಿಡಬೇಕು. ವಿನೆಗರ್ ವಾಸನೆಯ ಸಿಲಿಕೋನ್ ಸಿಮೆಂಟಿಗೂ ಅಮೃತಶಿಲೆಗೂ ಒಗ್ಗುವುದಿಲ್ಲ, ಟ್ಯೂಬಿನ ಮೇಲೆ 'ನ್ಯೂಟ್ರಲ್' ಎಂದಿರಬೇಕು. ಚೌಕಟ್ಟನ್ನು ಗೋಡೆಗೆ ಬಿಗಿಯುವ ಸ್ಕ್ರೂ ಮೂಲೆಯಿಂದ 150 ಮಿಮೀಗೆ ಒಂದು, ಆಮೇಲೆ 600 ಮೀರದ ಅಂತರದಲ್ಲಿ ಒಂದೊಂದು. ರೂಮಿನ ಕಿಟಕಿಗೆ ಹನ್ನೆರಡು. ಬಸ್ಸಿಗೆ ತಡವಾದವರು ಎಂಟಕ್ಕೆ ಮುಗಿಸುತ್ತಾರೆ.

ಹಳಿಯ ಹೊರಗೋಡೆಯಲ್ಲಿ ಚಿಕ್ಕ ಸೀಳುಗಳಿರುತ್ತವೆ, ಒಳಗೆ ಬಿದ್ದ ನೀರು ಹೊರಗೆ ಹೋಗಲು. ಗಾರೆಯವರ ಕಣ್ಣಿಗೆ ಅದು ಕಿಟಕಿಯವರು ಬಿಟ್ಟ ದೋಷ. ಅಕ್ಕರೆಯಿಂದ ಮೆತ್ತಿ ಮುಚ್ಚುತ್ತಾರೆ. ಮೊದಲ ಜೋರು ಮಳೆಗೆ ಹಳಿ ತೊಟ್ಟಿಯಾಗಿ, ತುಂಬಿ, ಒಳಗಿನ ಸೋಫಾಕ್ಕೆ ಕೋಡಿ ಹರಿಯುತ್ತದೆ. ಅಂತಿಮ ಕಂತಿನಲ್ಲಿ ಶೇಕಡ ಹತ್ತನ್ನು ಮಳೆ ಬರುವವರೆಗೆ ಹಿಡಿದಿಡಬೇಕು. ಮಳೆಗಾಲ ದೂರವಿದ್ದರೆ ತೋಟದ ಪೈಪು ಹಿಡಿದು ಒಂದೊಂದು ಕಿಟಕಿಗೂ ಐದು ನಿಮಿಷ ಅಭಿಷೇಕ ಮಾಡಿ, ಒಳಗೊಬ್ಬರನ್ನು ಒಣ ಬಟ್ಟೆ ಕೊಟ್ಟು ನಿಲ್ಲಿಸಬೇಕು.

ಪರದೆಯ ಕಂಬಿ, ಕಿತ್ತುಹೋದ ಸ್ವಿಚ್ಚು ಮರಳಿ ಕೂರಿಸಲು 2,000. ಎಲ್ಲ ಕೂಡಿದರೆ 1,33,551. ಕ್ಯಾಲೆಂಡರಿನ ಹಿಂದಿನ 76,050ಕ್ಕಿಂತ ಮುಕ್ಕಾಲು ಪಾಲು ಜಾಸ್ತಿ. ಹಾಗಾಗಿ ಯಾರಾದರೂ ಚದರಡಿ ದರ ಹೇಳಿದರೆ ಒಂದೂ ಮುಕ್ಕಾಲಿನಿಂದ ಗುಣಿಸಿ, ಆಮೇಲೆ ಕೂತು ಯೋಚಿಸಬಹುದು.

ಕೆಲಸ ಮುಗಿದ ವಾರ ಎದುರುಮನೆಯವರು ಗೇಟಿನ ಬಳಿ ನಿಂತು, ಚೆನ್ನಾಗಿದೆ ಸಾರ್, ಎಷ್ಟಾಯ್ತು ಎಂದು ಕೇಳುತ್ತಾರೆ. ಯಜಮಾನರು ಕ್ಯಾಲೆಂಡರನ್ನು ನೆನೆಯುತ್ತಾರೆ, ನವಿಲಿನ ತೂಕ ನೆನೆಯುತ್ತಾರೆ, ಚಿಮ್ನಿಯವನನ್ನು ನೆನೆಯುತ್ತಾರೆ. ಒಳಗಿಂದ ಯಜಮಾನಿ ಇಣುಕುವ ಮೊದಲೇ ಎದೆ ಉಬ್ಬಿಸಿ ಹೇಳುತ್ತಾರೆ:

"ಚದರಡಿಗೆ ಆರುನೂರೈವತ್ತು ಸಾರ್, ಅಷ್ಟೇ."