ಮದುವೆ ಮುಗಿದ ಮೇಲಿನ ವಸಂತ

ವಸಂತ ಅಂದರೆ ಎಲ್ಲರೂ ಹೊಗಳುವುದು ಅದರ ಆರಂಭವನ್ನೇ. ಮೊದಲ ಚಿಗುರು, ಮೊದಲ ಹೂವು, ಮೊದಲ ಹಕ್ಕಿಯ ಕೂಗು. ಕವಿಗಳಂತೂ ಅಲ್ಲಿಂದ ಮುಂದಕ್ಕೆ ಹೋಗುವುದೇ ಅಪರೂಪ. ಎಲೆ ದಪ್ಪಗಾಗಿ, ಹೂವು ಉದುರಿ, ಬಿಸಿಲು ಚುರುಕಾಗುವ ಹೊತ್ತಿಗೆ ಅವರು ಪೆನ್ನು ಮುಚ್ಚಿಟ್ಟು ಒಳಗೆ ಹೋಗಿರುತ್ತಾರೆ. ನನ್ನನ್ನು ಕೇಳಿದರೆ ನೋಡುವಂಥದ್ದು ಶುರುವಾಗುವುದೇ ಆಮೇಲೆ. ಭೂಮಿಯ ಉತ್ತರಾರ್ಧದಲ್ಲಿ ಮೇ ತಿಂಗಳು, ದಕ್ಷಿಣಾರ್ಧದಲ್ಲಿ ನವೆಂಬರ್. ವಸಂತದ ಮೊದಲ ಭಾಗ ಮದುವೆಯಾದರೆ ಇದು ಸಂಸಾರ. ಮದುವೆಯಲ್ಲಿ ಎಲ್ಲರೂ ಚೆಂದಾಗಿ ಕಾಣುತ್ತಾರೆ, ಚೆಂದಾಗಿ ಹಾಡುತ್ತಾರೆ. ಯಾರು ಎಂಥವರು ಅಂತ ಗೊತ್ತಾಗುವುದು ಆಮೇಲೆ ತಾನೇ?

ಕೆಲವು ವಾರಗಳ ಹಿಂದೆ ಕೊಂಬೆಯ ತುದಿಯಲ್ಲಿ ಎದೆಯುಬ್ಬಿಸಿ ಹಾಡುತ್ತಿದ್ದ ಗಂಡುಹಕ್ಕಿಯನ್ನು ಈಗ ನೋಡಬೇಕು. ಗರಿ ಕೆದರಿದೆ, ಬಣ್ಣ ಮಾಸಿದೆ, ಕೊಕ್ಕಿನ ತುಂಬ ಹುಳು. ಹಾಡೋಣವೆಂದರೆ ಬಾಯಿ ಖಾಲಿ ಇಲ್ಲ. ಗೂಡಿನಲ್ಲಿ ನಾಲ್ಕೈದು ಬಾಯಿಗಳು ಸದಾ ತೆರೆದೇ ಇರುತ್ತವೆ. ಉತ್ತರ ಅಮೆರಿಕದಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಯಿದೆ. ತೂಕ ಹತ್ತು ಗ್ರಾಂ ಆಸುಪಾಸು. ಒಂದು ಗೂಡಿನ ಮರಿಗಳು ಹಾರುವಷ್ಟು ದೊಡ್ಡದಾಗಲು ಅವಕ್ಕೆ ಆರರಿಂದ ಒಂಬತ್ತು ಸಾವಿರ ಎಲೆಹುಳುಗಳು ಬೇಕು. ಅಷ್ಟನ್ನೂ ಅಪ್ಪ ಅಮ್ಮ ಒಂದೊಂದಾಗಿ ಹುಡುಕಿ ತರಬೇಕು, ಅದೂ ಎರಡು ವಾರ ಚಿಲ್ಲರೆ ದಿನಗಳಲ್ಲಿ. ತಿನ್ನಿಸಿದರೆ ಮುಗಿಯಲಿಲ್ಲ. ಅನೇಕ ಹಕ್ಕಿಮರಿಗಳ ಹಿಕ್ಕೆ ತೆಳ್ಳನೆಯ ಪೊರೆಯೊಳಗೆ ಕಟ್ಟಿಟ್ಟ ಹಾಗೆ ಬರುತ್ತದೆ. ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ದೂರ ಹೋಗಿ ಬಿಸಾಕಿ ಬರಬೇಕು. ಬರುವಾಗ ಇನ್ನೊಂದು ಹುಳು. ದಿನವಿಡೀ ಇದೇ ಓಡಾಟ.

ಇದನ್ನೆಲ್ಲ ನೋಡಲು ನಾವು ಮಾಡಬೇಕಾದದ್ದು ಬಹಳ ಕಡಿಮೆ. ಒಂದು ಕಡೆ ಸುಮ್ನೆ ಕೂರಬೇಕು, ಅಷ್ಟೆ. ಇದೇ ಕಷ್ಟ. ಹೊರಗೆ ಹೋದಮೇಲೆ ಏನಾದರೂ ಮಾಡಬೇಕು ಅಂತ ನಮಗೆ ಅನಿಸುತ್ತದೆ. ಇಷ್ಟು ದೂರ ನಡೆಯಬೇಕು, ಇಷ್ಟು ಜಾತಿ ನೋಡಬೇಕು, ಇಷ್ಟು ಫೋಟೋ ತೆಗೆಯಬೇಕು. ನಡೆಯುವವನಿಗೆ ಕಾಣುವುದು ಹಾರಿಹೋಗುವ ಹಕ್ಕಿಯ ಬೆನ್ನು ಮಾತ್ರ. ಕೂತವನನ್ನು ಕಾಡು ಸ್ವಲ್ಪ ಹೊತ್ತು ಅನುಮಾನದಿಂದ ನೋಡುತ್ತದೆ. ಹತ್ತು ಹದಿನೈದು ನಿಮಿಷ ಕಳೆದರೆ 'ಇವನಿಂದ ಏನೂ ಆಗಲ್ಲ' ಅಂತ ತೀರ್ಮಾನಿಸಿ ತನ್ನ ಕೆಲಸಕ್ಕೆ ಹೋಗುತ್ತದೆ. ಆಗ ನೋಡಿ, ಮೊದಲು ಅಳಿಲು ಇಳಿಯುತ್ತದೆ. ಆಮೇಲೆ ಹುಲ್ಲಿನಲ್ಲಿ ಏನೋ ಸರಿದಾಡುತ್ತದೆ. ಬಾಯಲ್ಲಿ ಹುಳು ಹಿಡಿದ ಹಕ್ಕಿಯೊಂದು ಮತ್ತೆ ಮತ್ತೆ ಒಂದೇ ಪೊದೆಗೆ ನುಗ್ಗಿದರೆ ಗೂಡು ಅಲ್ಲೇ ಇದೆ ಅಂತ ಅರ್ಥ. ಎದ್ದು ಹೋಗಿ ಇಣುಕಬಾರದು. ನಾವು ತುಳಿದ ಜಾಡು ಬೇರೆಯವರಿಗೂ ದಾರಿಯಾಗುತ್ತದೆ, ಅವರಲ್ಲಿ ಕೆಲವರು ಹಸಿದಿರುತ್ತಾರೆ. ಬೈನಾಕ್ಯುಲರ್ ಇರುವುದು ಇದಕ್ಕೇ. ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಅದಕ್ಕಿಂತ ಜಾಸ್ತಿಯಾದರೆ ಹಕ್ಕಿಗಿಂತ ನಮ್ಮ ಕೈಯ ನಡುಕವೇ ದೊಡ್ಡದಾಗಿ ಕಾಣುತ್ತದೆ.

ಮುಂಜಾನೆ ಏಳುವ ಅಭ್ಯಾಸ ಇರುವವರಿಗೆ ಹಾಡು ಇನ್ನೂ ಸಿಗುತ್ತದೆ. ಸೂರ್ಯ ಹುಟ್ಟುವುದಕ್ಕೆ ಸುಮಾರು ಒಂದು ಗಂಟೆ ಮೊದಲು ಒಂದು ಹಕ್ಕಿ ಶುರು ಮಾಡುತ್ತದೆ. ಅದಕ್ಕೆ ಇನ್ನೊಂದು ಸೇರುತ್ತದೆ, ಆಮೇಲೆ ಯಾರದು ಯಾವ ದನಿ ಅಂತ ಬಿಡಿಸಲಾಗದಷ್ಟು ಗದ್ದಲ. ಆ ಕತ್ತಲಲ್ಲಿ ಹುಳು ಹುಡುಕಲು ಆಗುವುದಿಲ್ಲ, ಹಾಡಲು ಅಡ್ಡಿಯಿಲ್ಲ. ಇದಕ್ಕಾಗಿಯೇ ಒಂದು ಅಂತಾರಾಷ್ಟ್ರೀಯ ದಿನವೂ ಇದೆ, ಮೇ ತಿಂಗಳ ಮೊದಲ ಭಾನುವಾರ. ಭಾನುವಾರವೇ ಯಾಕೆ ಬೆಳಗಿನ ಜಾವ ಎಬ್ಬಿಸಬೇಕು ಅಂತ ಕೇಳುವವರ ಗುಂಪಿಗೆ ನಾನೂ ಸೇರುತ್ತೇನೆ.

ಸಂಸಾರದ ವಿಷಯಕ್ಕೆ ಬರೋಣ. ಯುರೋಪಿನ ಕೋಗಿಲೆ ತನ್ನ ಮೊಟ್ಟೆಯನ್ನು ಪರರ ಗೂಡಲ್ಲಿ ಇಟ್ಟು ಹೋಗುವುದು ಎಲ್ಲರಿಗೂ ಗೊತ್ತು. ಅದರ ಮರಿ ತಾಯಿಗಿಂತ ಒಂದು ಹೆಜ್ಜೆ ಮುಂದು. ಕಣ್ಣೂ ಬಿಟ್ಟಿರುವುದಿಲ್ಲ, ಮೈಮೇಲೆ ಒಂದು ಗರಿಯೂ ಇರುವುದಿಲ್ಲ, ಆಗಲೇ ಆ ಮನೆಯ ಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಒಂದೊಂದಾಗಿ ಹೊರಕ್ಕೆ ತಳ್ಳುತ್ತದೆ. ಆಮೇಲೆ ಒಂದೇ ಮರಿ, ಕೂಗು ಮಾತ್ರ ಗೂಡು ತುಂಬ ಮರಿಗಳಿದ್ದಷ್ಟು ಜೋರು. ಸಾಕುತಂದೆ ಸಾಕುತಾಯಿ ತಮಗಿಂತ ಎಷ್ಟೋ ದೊಡ್ಡದಾದ ಆ ಮಗುವಿನ ಮುಂದೆ ನಿಂತು, ಅದರ ಬಾಯೊಳಗೆ ತಲೆ ತೂರಿಸಿ ತಿನ್ನಿಸುತ್ತವೆ. ಒಂದು ದಿನವಾದರೂ ಅನುಮಾನ ಬರಬಾರದೇ? ಬರುವುದಿಲ್ಲ.

ಸ್ವಿಫ್ಟ್ ಎಂಬ ಹಕ್ಕಿಯದು ಇನ್ನೊಂದು ಕಥೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಅದರ ಮೈಗೆ ಪುಟ್ಟ ಉಪಕರಣ ಕಟ್ಟಿ ನೋಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಹಕ್ಕಿಗಳು ಹತ್ತು ತಿಂಗಳು ಎಲ್ಲೂ ಇಳಿಯದೆ ಹಾರುತ್ತಲೇ ಇದ್ದವು. ಊಟವೂ ಗಾಳಿಯಲ್ಲೇ. ಅಂಥದ್ದನ್ನೂ ಮರಿಗಳ ಚಿಂತೆ ಎಲ್ಲೋ ಒಂದು ಗೋಡೆಯ ಸಂದಿಗೆ ತಂದು ಕೂರಿಸುತ್ತದೆ. ಇದಕ್ಕೆ ತದ್ವಿರುದ್ಧ ಮೇಫ್ಲೈ ಎಂಬ ಕೀಟ. ಎಳವೆಯನ್ನೆಲ್ಲ ನೀರಿನೊಳಗೆ ಕಳೆದು, ಒಂದು ಸಂಜೆ ರೆಕ್ಕೆ ಬಂದು ಮೇಲೆದ್ದರೆ ಆಮೇಲೆ ಆಯಸ್ಸು ಸಾಮಾನ್ಯವಾಗಿ ಒಂದೆರಡು ದಿನ, ಕೆಲವಕ್ಕೆ ಕೆಲವೇ ಗಂಟೆ. ತಿನ್ನಲು ಬಾಯಿ ಕೂಡ ಕೆಲಸ ಮಾಡುವುದಿಲ್ಲ. ನದಿಯ ಮೇಲೆ ಗುಂಪಾಗಿ ಕುಣಿದು, ಜೋಡಿಯಾಗಿ, ಮೊಟ್ಟೆಯಿಟ್ಟು ಮುಗಿಸುತ್ತದೆ. ಬರೀ ಮದುವೆ, ಸಂಸಾರದ ರಗಳೆಯೇ ಇಲ್ಲ. ಮೀನುಗಳಿಗೆ ಮಾತ್ರ ಭರ್ಜರಿ ಊಟ.

ಈ ಕಾಲದಲ್ಲಿ ಕಾಡಿನ ಮರಿಗಳಿಗೆ ತೊಂದರೆ ಕೊಡುವವರಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಹುಲ್ಲಿನಲ್ಲಿ ಜಿಂಕೆಮರಿಯೊಂದು ಒಂಟಿಯಾಗಿ ಮುದುಡಿ ಮಲಗಿದ್ದರೆ ಇವರ ಕರುಳು ಚುರ್ ಅನ್ನುತ್ತದೆ. ಪಾಪ, ತಾಯಿ ಬಿಟ್ಟು ಹೋಗಿದೆ ಅಂತ ಎತ್ತಿಕೊಂಡು ಬಂದುಬಿಡುತ್ತಾರೆ. ತಾಯಿ ಬಿಟ್ಟು ಹೋಗಿರುವುದಿಲ್ಲ, ಬಚ್ಚಿಟ್ಟು ಹೋಗಿರುತ್ತದೆ. ಎಳೆಮರಿಗೆ ವಾಸನೆ ಕಡಿಮೆ, ತಾಯಿ ಪಕ್ಕದಲ್ಲಿದ್ದರೇ ಬೇಟೆಯ ಪ್ರಾಣಿಗೆ ಸುಳಿವು ಸಿಗುವುದು. ಹಾಗಾಗಿ ದೂರ ಮೇಯ್ದು, ಹಾಲು ಕುಡಿಸಲು ಮಾತ್ರ ಬಂದು ಹೋಗುತ್ತದೆ. ಹಕ್ಕಿಮರಿಯದೂ ಹೀಗೆಯೇ. ಮೈತುಂಬ ಗರಿ ಬಂದು, ಬಾಲ ಮಾತ್ರ ಗಿಡ್ಡವಿದ್ದು, ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ಅಪ್ಪ ಅಮ್ಮ ಹತ್ತಿರದ ಕೊಂಬೆಯಲ್ಲಿ ಕೂತು 'ಇವರು ಯಾವಾಗ ಹೋಗುತ್ತಾರಪ್ಪಾ' ಅಂತ ಕಾಯುತ್ತಿರುತ್ತವೆ. ಹತ್ತಿರದಲ್ಲಿ ಬೆಕ್ಕೋ ವಾಹನವೋ ಇದ್ದರೆ ಮೆಲ್ಲಗೆ ಎತ್ತಿ ಪಕ್ಕದ ಪೊದೆಯಲ್ಲಿ ಬಿಟ್ಟರಾಯಿತು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವ ಮಾತು ನಿಜವಲ್ಲ.

ಪಟ್ಟಿ ಮಾಡುವವರನ್ನು ನಾನು ಹಂಗಿಸುವುದಿಲ್ಲ. ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಎಂಬ ಜಾಲತಾಣ 2002ರಲ್ಲಿ ಶುರುವಾಯಿತು. ಮೇ ತಿಂಗಳಲ್ಲಿ ಲೋಕದ ಎಲ್ಲ ಕಡೆಯ ಹಕ್ಕಿಪ್ರಿಯರು ಒಂದೇ ದಿನ ಹೊರಗೆ ಹೋಗಿ ಕಂಡದ್ದನ್ನೆಲ್ಲ ಅದಕ್ಕೆ ಸೇರಿಸುತ್ತಾರೆ. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್‌ಗಳೂ ಬಂದಿವೆ. ಉಪಯೋಗದ ವಸ್ತುಗಳೇ. ಹೆಸರು ಬಂತು ಅಂತ ಪರದೆ ನೋಡುತ್ತಿರುವಾಗ ಹಕ್ಕಿ ಎದುರಿನ ಕೊಂಬೆಗೇ ಬಂದು ಕೂತು ಹೋಗುವುದೂ ಉಂಟು. ಹೆಸರು ಆಮೇಲೆ ಹುಡುಕಬಹುದು ಅನ್ನುವುದು ನನ್ನ ಪಕ್ಷ.

ಈ ದಿನಗಳಲ್ಲಿ ಒಂದು ಎಚ್ಚರ ಮಾತ್ರ ಬೇಕು, ಕಾಗೆಯದು. ಮರಿಯಿರುವ ಕಾಗೆ ತನ್ನ ಮರದ ಕೆಳಗೆ ಯಾರು ನಿಂತರೂ ಸಹಿಸುವುದಿಲ್ಲ. ಹಿಂದಿನಿಂದ ಬಂದು ತಲೆಗೇ ಕುಟುಕುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಅದು ಮುಖ ನೆನಪಿಟ್ಟುಕೊಳ್ಳುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ 2006ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಗುಹಾಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ತೊಟ್ಟು ಯಾರು ನಡೆದರೂ ಕಾಗೆಗಳು ಗುಂಪು ಕಟ್ಟಿಕೊಂಡು ಬೈದವು. ಅವತ್ತು ಸಿಕ್ಕಿಬೀಳದ ಕಾಗೆಗಳೂ ಬೈದವು. ಸುದ್ದಿ ಹಬ್ಬಿತ್ತು. ಹೋಲಿಕೆಗೆಂದು ಇಟ್ಟುಕೊಂಡಿದ್ದ ಇನ್ನೊಂದು ಮುಖವಾಡ ಆಗಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿಯದು. ಅದರ ತಂಟೆಗೆ ಕಾಗೆಗಳು ಅಷ್ಟಾಗಿ ಹೋಗಲಿಲ್ಲ. ಹಾಗಾಗಿ ಕಾಗೆ ತಲೆಯ ಮೇಲೆ ಸುತ್ತತೊಡಗಿದರೆ ಟೋಪಿ ಹಾಕಿಕೊಂಡು, ಮುಖ ತಗ್ಗಿಸಿ, ಬೇಗ ಬೇಗ ಅಲ್ಲಿಂದ ಹೊರಡಿ. ಕೈ ಬೀಸಿ ಜಗಳಕ್ಕೆ ನಿಲ್ಲಬೇಡಿ, ಮುಂದಿನ ವರ್ಷವೂ ಅದೇ ದಾರಿಯಲ್ಲಿ ಓಡಾಡಬೇಕಲ್ಲ.