ಗ್ರೀನ್ ಟೀ ಬಗ್ಗೆ ಬರೆದ ಸಾಲನ್ನು ದಯವಿಟ್ಟು ತಿದ್ದಿ

ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರ್) ರೋಗಿಗಳ ಆಹಾರದ ಬಗ್ಗೆ ಲೇಖನ ಬರೆದಿದ್ದಕ್ಕೆ ಧನ್ಯವಾದ. ಆದರೆ ಎಲ್ಲರೂ ದಿನವೂ ಗ್ರೀನ್ ಟೀ ಕುಡಿಯಬೇಕು ಎಂದು ಅದರಲ್ಲಿ ಕೊಟ್ಟಿರುವ ಸಲಹೆ ಸರಿಯಲ್ಲ. ಈ ಕಾಯಿಲೆಗೆ ಕೊಡುವ ಬೋರ್ಟೆಜೊಮಿಬ್ ಎಂಬ ಚುಚ್ಚುಮದ್ದು ಪಡೆಯುತ್ತಿರುವವರು ಗ್ರೀನ್ ಟೀಯಿಂದ ದೂರವಿರಬೇಕು. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಅಂಶ ಔಷಧಿಗೇ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ ಎಂಬುದು 2009ರಲ್ಲೇ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಈ ಚುಚ್ಚುಮದ್ದು ಪಡೆಯುವವರು ಹೆಚ್ಚು ಪ್ರಮಾಣದ ವಿಟಮಿನ್ ಸಿ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬಾರದು. ಊಟದ ಜೊತೆ ತಿನ್ನುವ ಹಣ್ಣು, ತರಕಾರಿಗೆ ಹೆದರಬೇಕಿಲ್ಲ.

ನನ್ನ ತಂದೆಗೆ ಈ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ರಕ್ತದಲ್ಲಿ ಪ್ರೋಟೀನ್ ಹೆಚ್ಚಿದೆ ಎಂದು ವರದಿಯಲ್ಲಿ ಓದಿ, ಅವರ ತಟ್ಟೆಯಿಂದ ಮೊಟ್ಟೆ, ಕಾಳುಗಳನ್ನು ನಾನೇ ತೆಗೆದುಬಿಟ್ಟಿದ್ದೆ. ಎರಡೇ ತಿಂಗಳಲ್ಲಿ ಅವರ ಕೈಗಡಿಯಾರ ಮೊಣಕೈಯತ್ತ ಜಾರತೊಡಗಿತು. ಆ ಪ್ರೋಟೀನ್ ಊಟದಿಂದ ಬಂದದ್ದಲ್ಲ, ಮೂಳೆಮಜ್ಜೆಯಲ್ಲಿ ಕೆಟ್ಟ ಪ್ಲಾಸ್ಮಾ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ತಯಾರಿಸುವಂಥದ್ದು ಎಂದು ಆಹಾರತಜ್ಞೆ ತಿಳಿಸಿದ ದಿನ ನನಗೆ ಅಳು ತಡೆಯಲಾಗಲಿಲ್ಲ. ಮೂತ್ರಪಿಂಡ ಸೋತಿದ್ದರೆ ಊಟದ ಪ್ರೋಟೀನಿನ ಅಳತೆ ಬೇರೆ. ಅದನ್ನು ವೈದ್ಯರೇ ಹೇಳಬೇಕು.

ನೀರಿನ ಬಗ್ಗೆ ಲೇಖನದಲ್ಲಿ ಒಂದೇ ಸಾಲಿದೆ, ಸಾಲದು. ಈ ಕಾಯಿಲೆಯ ಪ್ರೋಟೀನ್ ತುಣುಕುಗಳು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳಬಹುದು. ಹಾಗಾಗದಿರಲೆಂದು ತಂದೆಗೆ ವೈದ್ಯರು ಹೇಳಿರುವುದು ದಿನಕ್ಕೆ ಮೂರು ಲೀಟರ್ ನೀರು. ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲೇ ಗಂಟೆ ಬರೆದಿಟ್ಟಿದ್ದೇನೆ. ಹೃದಯದ ತೊಂದರೆ ಇರುವವರು ಮಾತ್ರ ಕೇಳದೆ ಇಷ್ಟು ಕುಡಿಯಬೇಡಿ.

ಈ ಕಾಯಿಲೆಯಲ್ಲಿ ಮೂಳೆ ಸವೆಯುತ್ತದೆ ಎಂದು ತಾವಾಗಿಯೇ ಕ್ಯಾಲ್ಸಿಯಂ ಮಾತ್ರೆ ಶುರುಮಾಡುವುದೂ ಬೇಡ. ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ಆಗಲೇ ರಕ್ತದಲ್ಲಿ ಹೆಚ್ಚಿರಬಹುದು.